ಗೇಟಿನ ಒಳಗೊಂದು ನಕ್ಷೆ, ಹೊರಗೊಂದು ಊರು

ವೈಟ್‌ಫೀಲ್ಡ್ ಎಂದೊಡನೆ ಗಾಜಿನ ಕಟ್ಟಡಗಳು, ಕದಲದೆ ನಿಂತ ವಾಹನಗಳ ಸಾಲು ನೆನಪಾಗುವುದು ಸಹಜ. ಆದರೆ ಮುಖ್ಯರಸ್ತೆ ಬಿಟ್ಟು ಒಳಗೆ ಹೋದರೆ ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ರಸ್ತೆಗಳು ಸಿಗುತ್ತವೆ. ಹಿಂದೊಮ್ಮೆ ಯೋಜಿಸಿ ಕಟ್ಟಿದ ಊರೊಂದರ ಗುರುತುಗಳಿವು.

1882ರಲ್ಲಿ ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೃಷಿ ವಸಾಹತುಗಳಿಗಾಗಿ 3,900 ಎಕರೆ ಭೂಮಿ ಕೊಟ್ಟರು. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ನಡುವೆ ಬಯಲು, ಸುತ್ತ ಮನೆಗಳು, ಆಚೆಗೆ ಹೊಲ. ಬೇಸಾಯ ಮಾಡಿಕೊಂಡು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂಬುದು ಅವರ ಆಸೆ.

ಇದಾದ 16 ವರ್ಷಗಳ ನಂತರ, 1898ರಲ್ಲಿ, ಇಂಗ್ಲೆಂಡಿನ ಎಬನೇಜರ್ ಹೊವರ್ಡ್ ಅವರು 'ಉದ್ಯಾನ ನಗರ'ದ ಕಲ್ಪನೆಯನ್ನು ಮಂಡಿಸಿದರು. ವೃತ್ತಿಯಿಂದ ಅವರು ಶೀಘ್ರಲಿಪಿಕಾರರು! ಅವರ ನಕ್ಷೆಯೂ ವೃತ್ತಾಕಾರ. 6,000 ಎಕರೆ, 32,000 ಜನ. ಪಟ್ಟಣಕ್ಕೆ 1,000 ಎಕರೆ ಮಾತ್ರ, ಮಿಕ್ಕದ್ದು ಹೊಲ, ತೋಟ. ಕಾರ್ಖಾನೆಗಳು ಹೊರ ಅಂಚಿನಲ್ಲಿ, ರೈಲು ಹಳಿಯ ಪಕ್ಕ. ಕೆಲಸಗಾರ ಮನೆಯಿಂದ ನಡೆದೇ ಕೆಲಸಕ್ಕೆ ಹೋಗಬೇಕು. ಜನ ಹೆಚ್ಚಿದರೆ ಅದೇ ಊರನ್ನು ಹಿಗ್ಗಿಸದೆ, ಹೊಲಗಳಾಚೆ ಮತ್ತೊಂದು ಊರು ಕಟ್ಟಬೇಕು. ಬೆಂಗಳೂರಿಗೂ 'ಉದ್ಯಾನ ನಗರಿ' ಎಂಬ ಬಿರುದುಂಟು. ಅದು ಮರ, ಹೂದೋಟಗಳಿಂದ ಬಂದದ್ದು. ಹೊವರ್ಡ್ ಅವರ ಲೆಕ್ಕವೇ ಬೇರೆ.

ಬೆಂಗಳೂರಿನ ಹೊರವಲಯ ಬೆಳೆದದ್ದು ತುಂಡುತುಂಡಾಗಿ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿತು. 1978ರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಶುರುವಾಯಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್ ಬಳಿ ಐಟಿಪಿಎಲ್ ಬಂತು. ಗೇಟಿನೊಳಗೆ ರಸ್ತೆ, ವಿದ್ಯುತ್, ಹುಲ್ಲುಹಾಸು ಎಲ್ಲವೂ ಅಚ್ಚುಕಟ್ಟು. ಅಲ್ಲಿ ದುಡಿಯುವವರ ಮನೆ ಎಲ್ಲಿ, ಅವರ ಮಕ್ಕಳು ಶಾಲೆಗೆ ನಡೆದುಹೋಗಲು ಕಾಲುದಾರಿ ಇದೆಯೇ, ಬಚ್ಚಲ ನೀರು ಹರಿದು ಯಾವ ಕೆರೆ ಸೇರುತ್ತದೆ? ನಿವೇಶನದ ನಕ್ಷೆಯಲ್ಲಿ ಇದಕ್ಕೆ ಉತ್ತರ ಹುಡುಕಿದರೆ ಸಿಗದು. ಕಾಲುದಾರಿಗೆ ಬಡಾವಣೆಯ ನಕ್ಷೆ ಬೇಕು, ಬಸ್ಸು ರೈಲಿಗೆ ಇಡೀ ನಗರದ್ದು, ನೀರಿಗೆ ನಗರಕ್ಕಿಂತಲೂ ದೊಡ್ಡದು.

ಪ್ರಯಾಣದ ಮಾತನ್ನೇ ನೋಡಿ. ಎಲೆಕ್ಟ್ರಾನಿಕ್ಸ್ ಸಿಟಿಗೆ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆ 2010ರಲ್ಲೇ ಸಿದ್ಧವಾಯಿತು. ಶುಲ್ಕ ತೆತ್ತು ವಾಹನದಲ್ಲಿ ಹೋಗುವವರಿಗೆ ಅನುಕೂಲವೇ ಆಯಿತು. ಮೆಟ್ರೊ ಬಂದದ್ದು 2025ರ ಆಗಸ್ಟ್‌ನಲ್ಲಿ, ಅಂದರೆ 47 ವರ್ಷಗಳ ಬಳಿಕ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ ಬಂದಿತ್ತು. ಮೊದಲು ಹಳಿ, ಆಮೇಲೆ ಕಾರ್ಖಾನೆ ಎಂಬ ಕ್ರಮ ಇಲ್ಲಿ ತಲೆಕೆಳಗಾಗಿದೆ. 2013ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ತನ್ನದೇ ಟೌನ್‌ಶಿಪ್ ಪ್ರಾಧಿಕಾರವೂ ಆಯಿತು. ಒಳಗಿನ ರಸ್ತೆ, ಚರಂಡಿಗಳಿಗೆ ಇದರಿಂದ ಒಳ್ಳೆಯದೇ. ಆದರೆ ಅದರ ಅಧಿಕಾರವೂ ಗಡಿಗಲ್ಲಿನ ತನಕ ಮಾತ್ರ.

ನೀರಿಗೆ ಗಡಿಗಲ್ಲಿನ ಹಂಗಿಲ್ಲ. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ನೆಲದೊಳಗೆ ಇಳಿದು ಅಂತರ್ಜಲ ಸೇರಿತು. ಸಣ್ಣ ಘಟಕಗಳು ತಮ್ಮ ತಮ್ಮ ಶೆಡ್ಡಿನಲ್ಲಿ ಕೆಲಸ ಮಾಡಿಕೊಂಡಿದ್ದವು, ಬೋರ್‌ವೆಲ್ ಮಾತ್ರ ಎಲ್ಲರದೂ ಕೆಟ್ಟಿತು. ವೈಟ್‌ಫೀಲ್ಡ್ ಸಮೀಪದ ವರ್ತೂರು ಕೆರೆಯ ಕಥೆಯೂ ಇದೇ. ನಗರದ ಕೊಳಚೆ ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ತುಂಬಿ ವರ್ತೂರಿಗೆ ಹರಿಯುತ್ತದೆ. 2015ರಲ್ಲಿ ವರ್ತೂರು ಕೆರೆಯ ಬಿಳಿ ನೊರೆ ಗಾಳಿಗೆ ಹಾರಿ ರಸ್ತೆಗೇ ಬಂದು ಬಿದ್ದಾಗ ದ್ವಿಚಕ್ರ ಸವಾರರು ಮುಖ ಮುಚ್ಚಿಕೊಂಡು ಹೋಗಬೇಕಾಯಿತು. ಎಲ್ಲೋ ದೂರದ ಬಡಾವಣೆಗಳಲ್ಲಿ ಬಟ್ಟೆ ಒಗೆದ ಸಾಬೂನಿನ ಪಾಲೂ ಅದರಲ್ಲಿತ್ತು.

ಈ ಕಣಿವೆಯ ಕೊಳಚೆಗೆ ಇನ್ನೂ ದೊಡ್ಡ ನಕ್ಷೆಯೊಂದು ಈಗ ಜಾರಿಯಲ್ಲಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬರಡಾಗಿದ್ದ ಕೆರೆಗಳು ತುಂಬಿವೆ. ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಕೋಲಾರದ ರೈತರು ಪಟ್ಟು ಹಿಡಿದಿದ್ದಾರೆ.