ಐವತ್ತು ಸಿ.ಸಿ. ಗಾಡಿಯೂ ಹದಿನಾರು ವರ್ಷದ ಹುಡುಗನೂ

ಹಾಲಿನ ಕ್ಯಾನು, ಹೂವಿನ ಬುಟ್ಟಿ, ಹಿಂಡಿಯ ಚೀಲ ಇವನ್ನೆಲ್ಲ ಹೊತ್ತು ನಮ್ಮ ಹಳ್ಳಿಯ ದಾರಿಗಳಲ್ಲಿ ಓಡಾಡುವ ಸಣ್ಣ ಗಾಡಿಯನ್ನು ಹಿರಿಯರು ಇಂದಿಗೂ ಲೂನಾ ಎಂದೋ ಟಿವಿಎಸ್ ಫಿಫ್ಟಿ ಎಂದೋ ಕರೆಯುವುದುಂಟು. ಗಾಡಿ ಯಾವುದಾದರೂ ಸರಿಯೆ, ಹೆಸರು ಮಾತ್ರ ಅದೇ. ಈ ಹಳೆಯ ಹೆಸರಿನ ಜೊತೆಗೆ ಒಂದು ಹಳೆಯ ನಂಬಿಕೆಯೂ ಉಳಿದುಕೊಂಡಿದೆ. ಹದಿನಾರು ತುಂಬಿದ ಹುಡುಗ ಇದನ್ನು ಓಡಿಸಬಹುದು ಎಂಬುದೇ ಆ ನಂಬಿಕೆ. ಹಿಂದೆ ಇದರಲ್ಲಿ ಒಂದಿಷ್ಟು ನಿಜವಿತ್ತು. ಈಗ ಇದನ್ನೇ ನೆಚ್ಚಿಕೊಂಡರೆ ಮನೆಯ ಯಜಮಾನನು ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೋಟಾರು ಸೈಕಲ್ಲುಗಳು ತಯಾರಾಗುತ್ತಿದ್ದವು. 250 ಸಿ.ಸಿ.ಯ ಆ ಗಾಡಿ ಊರಿಗೆ ಒಂದೋ ಎರಡೋ ಇದ್ದರೆ ಹೆಚ್ಚು. ಸಾಮಾನ್ಯ ರೈತನ ಅಂಗಳಕ್ಕೆ ಎಂಜಿನ್ನು ಬಂದದ್ದು ಮೊಪೆಡ್ಡಿನ ರೂಪದಲ್ಲಿ. ಪುಣೆಯ ಕೈನೆಟಿಕ್ ಕಂಪನಿಯವರು 1972ರಲ್ಲಿ ಲೂನಾ ಹೊರತಂದರು. ಸೈಕಲ್ಲಿನಂತೆ ಪೆಡಲು ತುಳಿದು ಅದನ್ನು ಚಾಲೂ ಮಾಡಬೇಕು. ದಿಣ್ಣೆ ಹತ್ತುವಾಗ ಎಂಜಿನ್ನು ಸೋತರೆ ಸವಾರನೂ ತುಳಿದು ಕೈಜೋಡಿಸಬೇಕು. 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನಿಂದ ಟಿವಿಎಸ್ 50 ಬಂತು. ಅದರಲ್ಲಿ ಇಬ್ಬರು ಕೂರಬಹುದಾಗಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ, ಹೊಗೆ ಬಿಡುತ್ತ ಸಂತೆಗೆ ಹೋದ ದಿನಗಳನ್ನು ನೆನೆದು ನಗುವವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ.

ಇಂತಹ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಂತೆಯೇ ಕಾನೂನು ಕೂಡ ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿತು. 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಮೋಟಾರು ವಾಹನ ನಡೆಸಲು ಹದಿನೆಂಟು ವರ್ಷ ತುಂಬಿರತಕ್ಕದ್ದು. ಆದರೆ ಎಂಜಿನ್ನು 50 ಸಿ.ಸಿ. ಮೀರದ ಮೋಟಾರು ಸೈಕಲ್ಲಾದರೆ ಹದಿನಾರು ತುಂಬಿದರೆ ಸಾಕು. ಆಗಲೂ ಲೈಸೆನ್ಸು ಬೇಕೇ ಬೇಕಾಗಿತ್ತು. ‘ಹದಿನಾರಕ್ಕೆ ಓಡಿಸಬಹುದು’ ಎಂಬುದನ್ನು ‘ಲೈಸೆನ್ಸಿಲ್ಲದೆ ಓಡಿಸಬಹುದು’ ಎಂದು ತಿಳಿದುಕೊಂಡದ್ದು ನಮ್ಮ ತಪ್ಪು.

ಆ ನಿಯಮ ಇಂದಿಗೂ ಪುಸ್ತಕದಲ್ಲಿ ಹಾಗೆಯೇ ಇದೆ. ಗಾಡಿಯೇ ಬದಲಾಗಿಬಿಟ್ಟಿದೆ. ಟಿವಿಎಸ್ ಎಕ್ಸ್‌ಎಲ್ ಸೂಪರ್ ಸುಮಾರು 70 ಸಿ.ಸಿ.ಯದು, 2015ರಲ್ಲಿ ಬಂದ ಎಕ್ಸ್‌ಎಲ್ 100 ಹೆಸರೇ ಹೇಳುವಂತೆ ಹೆಚ್ಚುಕಡಿಮೆ 100 ಸಿ.ಸಿ.ಯದು. ನೋಡಲು ಅದೇ ಹಳೆಯ ಮೊಪೆಡ್ಡು, ಗೇರೂ ಇಲ್ಲ. ಆದರೂ ಹದಿನಾರರ ಹುಡುಗ ಅದನ್ನು ಏರುವಂತಿಲ್ಲ. ಅವನು 50 ಸಿ.ಸಿ.ಯ ಲೈಸೆನ್ಸು ಪಡೆದಿದ್ದರೂ ಅದು ಈ ಗಾಡಿಗೆ ನಡೆಯದು.

‘ಡೇರಿಯವರೆಗೆ ತಾನೆ, ಊರೊಳಗೆ ತಾನೆ’ ಎಂದು ಕೆಲವರು ಹೇಳುತ್ತಾರೆ. ಸಾರ್ವಜನಿಕರು ಹಕ್ಕಿನಿಂದ ಓಡಾಡುವ ದಾರಿಯೆಲ್ಲ ಕಾನೂನಿನ ಕಣ್ಣಿಗೆ ಸಾರ್ವಜನಿಕ ಸ್ಥಳವೇ. ಡೇರಿಯ ಬೀದಿಯೂ ಅದರಲ್ಲಿ ಸೇರಿತು.

ಹಿಂದೆ ಹುಡುಗ ಸಿಕ್ಕಿಬಿದ್ದರೆ ಅಪ್ಪ ಹೋಗಿ ದಂಡ ಕಟ್ಟಿ ಬಿಡಿಸಿಕೊಂಡು ಬರುತ್ತಿದ್ದ. 2019ರ ಸೆಪ್ಟೆಂಬರ್ 1ರಿಂದ ಲೆಕ್ಕವೇ ಬೇರೆ. ಹದಿನೆಂಟು ತುಂಬದವನು ವಾಹನ ನಡೆಸಿ ಅಪರಾಧವಾದರೆ ತಂದೆತಾಯಿ ಅಥವಾ ಪೋಷಕರು, ಇಲ್ಲವೆ ಗಾಡಿಯ ಮಾಲೀಕರು ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಇಲ್ಲ. ತನಗೆ ತಿಳಿಯದೆ ನಡೆಯಿತೆಂದು, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದು ರುಜುವಾತು ಮಾಡಿದರೆ ಮಾತ್ರ ಅಪ್ಪನಿಗೆ ಬಿಡುಗಡೆ. ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿದವನಿಗೆ ಅದು ಸುಲಭವಲ್ಲ.

ಇದಕ್ಕಿಂತ ದೊಡ್ಡ ಅಪಾಯ ವಿಮೆಯದು. ಲೈಸೆನ್ಸಿಲ್ಲದ ಹುಡುಗ ದಾರಿಹೋಕನಿಗೆ ಗುದ್ದಿದರೆ, ವಿಮಾ ಕಂಪನಿಯು ಗಾಯಾಳುವಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಹೇಳಬಹುದು. ಸುಪ್ರೀಂ ಕೋರ್ಟು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದನ್ನು ವಿವರವಾಗಿ ತಿಳಿಸಿದೆ. ಪರಿಹಾರ ಲಕ್ಷಗಟ್ಟಲೆ ಆದಾಗ ರೈತನ ಬಳಿ ಕೊಡಲು ಇರುವುದು ಹೊಲವೊಂದೇ.

ವಿದ್ಯುತ್ ಗಾಡಿಗೆ ಏನೂ ಬೇಡವಂತೆ ಎಂಬ ಮಾತೂ ಕೇಳಿಬರುತ್ತಿದೆ. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದು ಎಂಬ ಷರತ್ತುಗಳೆಲ್ಲ ಕೂಡಿದರೆ ಮಾತ್ರ ಆ ಮಾತು ನಿಜ. 2024ರಲ್ಲಿ ಲೂನಾ ಹೆಸರಿನಲ್ಲಿಯೇ ಬಂದ ಇ-ಲೂನಾ ಇದಕ್ಕಿಂತ ವೇಗವಾಗಿ ಓಡುತ್ತದೆ. ಅದಕ್ಕೆ ನೋಂದಣಿಯೂ ಬೇಕು, ಲೈಸೆನ್ಸೂ ಬೇಕು.

ಹುಡುಗನಿಗೆ ಹದಿನೆಂಟು ತುಂಬಿದ ಕೂಡಲೆ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಿಸಿರಿ. ಅದು ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ ಸಾರಿಗೆ ಕಚೇರಿಯಲ್ಲಿ ಗಾಡಿ ನಡೆಸಿ ತೋರಿಸಬೇಕು. ಒಂದು ಮಾತು ನೆನಪಿರಲಿ: ಗೇರಿಲ್ಲದ ಗಾಡಿಗೆ ಪಡೆದ ಲೈಸೆನ್ಸಿನಲ್ಲಿ ಗೇರಿನ ಮೋಟಾರು ಸೈಕಲ್ಲು ಓಡಿಸುವಂತಿಲ್ಲ. ಮುಂದೆ ಬೈಕು ಕೊಳ್ಳುವ ಯೋಚನೆ ಇದ್ದರೆ ಮೊದಲೇ ಗೇರಿನ ಗಾಡಿಗೆ ಅರ್ಜಿ ಹಾಕುವುದು ಲೇಸು.

ಲೂನಾ ಕಾಲದಲ್ಲಿ ಲೈಸೆನ್ಸು ಮಾಡಿಸಿದ ಹಿರಿಯರೂ ತಮ್ಮ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಬೇಕು. 1988ರ ಕಾಯಿದೆಯಲ್ಲಿ ಅದರ ಅವಧಿ ಇಪ್ಪತ್ತು ವರ್ಷ, ಇಲ್ಲವೆ ಐವತ್ತು ವಯಸ್ಸಾಗುವವರೆಗೆ, ಯಾವುದು ಮೊದಲೋ ಅದು. ಅವಧಿ ಮುಗಿದ ಮೇಲೆ ಸಿಗುತ್ತಿದ್ದ ಮೂವತ್ತು ದಿನಗಳ ರಿಯಾಯಿತಿಯನ್ನು 2019ರಲ್ಲಿ ತೆಗೆದುಹಾಕಿದರು. ಮುಗಿದು ಒಂದು ವರ್ಷ ಮೀರಿದ್ದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ನಲವತ್ತು ದಾಟಿದವರು ವೈದ್ಯರ ಸರ್ಟಿಫಿಕೇಟನ್ನೂ ಕೊಂಡೊಯ್ಯತಕ್ಕದ್ದು.