ಬೀಗರ ಊಟಕ್ಕೆ ಏನು ಅಡುಗೆ? ಒಲ್ಲೆನೆನ್ನುವವರಿಗೂ ಒಗ್ಗುವ ಪೌಷ್ಟಿಕ ಊಟ

ಸುಗ್ಗಿ ಮುಗಿದು ಮನೆಗೆ ಬೀಗರು ಬರುವ ಕಾಲದಲ್ಲಿ ನಿಮ್ಮನ್ನು ಕಾಡುವ ಚಿಂತೆ ಒಂದೇ. ಏನು ಅಡುಗೆ ಮಾಡಬೇಕು? ಅಜ್ಜನಿಗೆ ಹಲ್ಲಿಲ್ಲ, ಗಟ್ಟಿ ರೊಟ್ಟಿ ಆಗದು. ಬೀಗರಿಗೆ ಸಕ್ಕರೆ ಕಾಯಿಲೆ. ಪಟ್ಟಣದಿಂದ ಬಂದ ಅಳಿಯನಿಗೆ ಅನ್ನವೇ ಬೇಕು. ಮೊಮ್ಮಗನಂತೂ ಸೊಪ್ಪು ಕಂಡರೆ ತಟ್ಟೆ ಸರಿಸುತ್ತಾನೆ. ಇಷ್ಟು ಜನರಿಗೆ ಬೇರೆ ಬೇರೆ ಅಡುಗೆ ಮಾಡಲು ಹೊರಟರೆ ಮನೆಯಾಕೆ ಒಲೆಯ ಮುಂದೆಯೇ ದಿನ ಕಳೆಯಬೇಕಾಗುತ್ತದೆ. ಹಾಗೆ ಮಾಡಬೇಕಾಗಿಲ್ಲ. ಒಂದೇ ಅಡುಗೆಯನ್ನು ಎಲ್ಲರಿಗೂ ಹೊಂದುವಂತೆ ಬಡಿಸುವುದನ್ನು ಯೋಚಿಸಿದರೆ ಸಾಕು.

ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಕಟ್ಟಿಕೊಂಡು ಹೋಗುವ ಬುತ್ತಿಯನ್ನೇ ನೆನೆಯಿರಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಹತ್ತಾರು ಕಾಯಿಪಲ್ಯ ಕಾಳು ಕೂಡಿದ ಭಜ್ಜಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಂಬಲಿ, ಮೇಲೆ ಹೋಳಿಗೆ. ಯಾದಗಿರಿ, ಶಹಾಪುರ, ಸುರಪುರದ ಹೊಲಗಳಲ್ಲಿ ಬೆಳೆಯುವುದೆಲ್ಲವೂ ಆ ಬುತ್ತಿಯಲ್ಲಿದೆ. ವರ್ಷಕ್ಕೊಮ್ಮೆ ಮಾಡುವ ಇಂತಹ ಊಟವನ್ನು ಬೀಗರಿಗೆ ಬಡಿಸಲು ನಾವು ಸಂಕೋಚಪಡುತ್ತೇವೆ, ಬದಲಿಗೆ ಬಿಳಿ ಅನ್ನ, ತಿಳಿ ಸಾರು, ಬೂಂದಿ ಬಡಿಸಿ ಮರ್ಯಾದೆ ಉಳಿಯಿತೆಂದು ತಿಳಿಯುತ್ತೇವೆ!

ಈ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. ನಾರಾಯಣಪುರದ ಬಸವಸಾಗರದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತದ ಗದ್ದೆಗಳು ಹರಡಿದವು, ಅನ್ನ ದಿನದ ಊಟವಾಯಿತು. ಅನ್ನ ಕೆಟ್ಟದ್ದೇನಲ್ಲ. ಆದರೆ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳ ಪೈಕಿ ಪ್ರತಿ ಮೂವರಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದೇ ತೊಂದರೆ. ಸೊಪ್ಪು ಒಲ್ಲೆನೆನ್ನುವ ಮಗುವಿನ ಹಟವನ್ನು ನಕ್ಕು ಬಿಡುವಂತಿಲ್ಲ.

ಹತ್ತು ಜನರ ಊಟವೆಂದು ಇಟ್ಟುಕೊಳ್ಳಿ. ರೊಟ್ಟಿಗೆ ಒಂದೂ ಮುಕ್ಕಾಲು ಕಿಲೋ ಹಿಟ್ಟು ಬೇಕು, ಇಪ್ಪತ್ತೈದು ರೊಟ್ಟಿಯಾಗುತ್ತವೆ. ಅರ್ಧ ಜೋಳ, ಅರ್ಧ ಸಜ್ಜೆ ಇರಲಿ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚಾದ್ದರಿಂದ ಅದರ ಹಿಟ್ಟು ಬೇಗ ಕಮಟು ಹಿಡಿದು ಕಹಿಯಾಗುತ್ತದೆ. ಬೀಗರು ಬರುವ ಹಿಂದಿನ ದಿನವೇ ಗಿರಣಿಗೆ ಹಾಕಿಸಿ. ಸಜ್ಜೆ ರೊಟ್ಟಿ ಕಹಿಯೆಂದು ದೂರುವವರಲ್ಲಿ ಹಲವರು ಹಳೆಯ ಹಿಟ್ಟಿನ ರೊಟ್ಟಿ ತಿಂದವರೇ.

ಭಜ್ಜಿಗೆ ಎರಡು ಕಿಲೋ ಕಾಯಿಪಲ್ಯ ಮತ್ತು ಸೊಪ್ಪು, ಕಾಲು ಕಿಲೋ ಹಸಿ ಕಾಳು ಅಥವಾ ನೆನೆಸಿದ ಕಾಳು, ದಪ್ಪವಾಗಲು ಒಂದೆರಡು ಹಿಡಿ ಕಡಲೆ ಹಿಟ್ಟು ಸಾಕು. ಅವರೆ, ತೊಗರಿ, ಬದನೆ, ಗಜ್ಜರಿ, ಮೆಂತ್ಯ, ಉಳ್ಳಾಗಡ್ಡಿ ಸೊಪ್ಪು, ಹಿತ್ತಲಲ್ಲಿ ಏನಿದೆಯೋ ಅದು. ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಬಚ್ಚಲಿಗೆ ಹೋಗುತ್ತವೆ. ಬೇಳೆ ಬೇಗ ಬೇಯಲೆಂದು ಸೋಡಾ ಹಾಕುವ ರೂಢಿಯನ್ನೂ ಬಿಡಿ, ಅದು ‘ಬಿ’ ಜೀವಸತ್ವವನ್ನು ಕೆಡಿಸುತ್ತದೆ. ತೊಗರಿ ಬೇಳೆ ಅರ್ಧ ಕಿಲೋ. ಜೋಳದ ಸಸಾರಜನಕದಲ್ಲಿ ಇರುವ ಕೊರತೆಯನ್ನು ಬೇಳೆಯ ಸಸಾರಜನಕ ತುಂಬುತ್ತದೆ. ರೊಟ್ಟಿ ಬೇಳೆಯ ಜೋಡಿಯನ್ನು ನಮ್ಮ ಹಿರಿಯರು ಪ್ರಯೋಗಾಲಯವಿಲ್ಲದೆಯೇ ಕಂಡುಕೊಂಡಿದ್ದರು.

ಊಟದ ಜೊತೆ ನಿಂಬೆ ಹೋಳು ಅಥವಾ ಹಸಿ ಪಚಡಿ ಇರಲೇಬೇಕು. ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ‘ಸಿ’ ಜೀವಸತ್ವ ನೆರವಾಗುತ್ತದೆ. ಕೈ ತೊಳೆದ ಕೂಡಲೇ ಚಹಾ ಕೊಡುವ ಉಪಚಾರ ಇದಕ್ಕೆ ವಿರುದ್ಧ. ಒಂದು ತಾಸು ಬಿಟ್ಟು ಕೊಡಿ, ಬೀಗರು ಬೇಸರಪಡುವುದಿಲ್ಲ.

ಈಗ ಬಡಿಸುವ ಮಾತು. ಅಜ್ಜನಿಗೆ ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ನೆನೆಸಿ ಕೊಡಿ, ಇಲ್ಲವೇ ಜೋಳದ ನುಚ್ಚು ಮಜ್ಜಿಗೆ ಕೊಡಿ. ಸಕ್ಕರೆ ಕಾಯಿಲೆಯವರಿಗೆ ರೊಟ್ಟಿ ಎಷ್ಟಾದರೂ ಆಗಬಹುದೆಂಬ ತಿಳಿವಳಿಕೆ ಸರಿಯಲ್ಲ. ಜೋಳದಲ್ಲೂ ಪಿಷ್ಟವಿದೆ. ಎರಡು ರೊಟ್ಟಿಗೆ ನಿಲ್ಲಿಸಿ, ಭಜ್ಜಿ, ಕಾಳು, ಪಚಡಿಯನ್ನು ಧಾರಾಳವಾಗಿ ಬಡಿಸಿ. ಬೆಲ್ಲದ ಹೋಳಿಗೆ ಅವರಿಗೆ ಸಕ್ಕರೆಯಷ್ಟೇ ಅಪಾಯ, ಒತ್ತಾಯ ಬೇಡ. ಅಳಿಯನಿಗೆ ಒಂದು ಸೌಟು ಅನ್ನವಿರಲಿ, ಆದರೆ ಕೊನೆಗೆ. ಎಳ್ಳಿನ ರೊಟ್ಟಿ ಮೊದಲು ಬಿದ್ದರೆ ಅನ್ನವನ್ನು ಕೇಳುವುದೇ ಕಡಿಮೆ.

ಎಲ್ಲಕ್ಕಿಂತ ತಾಳ್ಮೆ ಬೇಕಾಗುವುದು ಮಗುವಿಗೆ. ಹೊಡೆದು ಬೈದು ತಿನ್ನಿಸಿದ ಸೊಪ್ಪು ಮರುದಿನ ಇನ್ನೂ ಕಹಿಯಾಗುತ್ತದೆ. ತಟ್ಟೆಯ ಮೂಲೆಯಲ್ಲಿ ಒಂದು ಚಮಚದಷ್ಟು ಹಾಕಿ ಸುಮ್ಮನಿರಿ. ಹೊಸ ರುಚಿ ಒಗ್ಗಲು ಹತ್ತು ಹದಿನೈದು ಸಲ ಇಟ್ಟು ನೋಡಬೇಕಾದೀತು. ಮೆಂತ್ಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಿಟ್ಟಿನಲ್ಲಿ ಕಲಸಿ ಅಂಗೈಯಗಲದ ಪುಟ್ಟ ರೊಟ್ಟಿ ಮಾಡಿಕೊಡಿ. ಮೊಳಕೆ ಹೆಸರಿನ ಉಸುಳಿಯನ್ನು ಮಕ್ಕಳು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಸೊಪ್ಪು ಸೋಸುವ ಕೆಲಸಕ್ಕೆ ಮಗುವನ್ನೇ ಕೂಡಿಸಿಕೊಳ್ಳಿ, ತಾನು ಸೋಸಿದ ಸೊಪ್ಪನ್ನು ಅದು ಒಂದು ತುತ್ತಾದರೂ ತಿನ್ನುತ್ತದೆ. ಊಟಕ್ಕೆ ಮುಂಚೆ ನೆಂಟರು ತಂದ ಬಿಸ್ಕೀಟು, ಕುರುಕಲು ಪೊಟ್ಟಣಗಳನ್ನು ಮಾತ್ರ ಅಟ್ಟದ ಮೇಲಿಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬಾರದು, ಗಂಟಲಲ್ಲಿ ಸಿಕ್ಕೀತು. ಹಿಂಡಿಯನ್ನು ಮೊಸರಿನಲ್ಲಿ ಕಲಸಿ ಕೊಡಬಹುದು.

ಇನ್ನೊಂದು ಮಾತು, ಇದು ಮನೆಯ ಯಜಮಾನರಿಗೆ. ಬಡಿಸುವವಳು ಕೊನೆಗೆ ಉಣ್ಣುತ್ತಾಳೆ, ಅಷ್ಟರಲ್ಲಿ ಭಜ್ಜಿಯ ಪಾತ್ರೆ ಬರಿದಾಗಿ ರೊಟ್ಟಿ, ಖಾರ ಮಾತ್ರ ಉಳಿದಿರುತ್ತದೆ. ರಕ್ತಹೀನತೆ ಹೆಂಗಸರಲ್ಲಿ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಬೀಗರಿಗೆ ಬಡಿಸುವ ಮುಂಚೆಯೇ ಸೊಸೆಯ ಪಾಲಿನ ಭಜ್ಜಿ, ಬೇಳೆ, ಮೊಸರನ್ನು ಬೇರೆ ಪಾತ್ರೆಯಲ್ಲಿ ತೆಗೆದಿಡಿಸಿ. ಆಕೆ ಬಸುರಿಯಾಗಿದ್ದರೆ ಅಥವಾ ಬಾಣಂತಿಯಾಗಿದ್ದರೆ ಬೀಗರ ಜೊತೆಯಲ್ಲೇ ಉಣ್ಣಲು ಕೂಡಿಸಿ.

ವರ್ಷವಿಡೀ ಭಜ್ಜಿಗೆ ಸೊಪ್ಪು ಸಿಗಬೇಕಾದರೆ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ ಗಿಡ, ಕೊಡದ ನೀರು ಹನಿಸಬಹುದಾದ ಕಡೆ ಪುಂಡಿ, ರಾಜಗಿರಿ, ಮೆಂತ್ಯದ ಮಡಿ ಮಾಡಿಕೊಳ್ಳಿ. ಬೀಜ ಮತ್ತು ಬಿತ್ತುವ ಕಾಲದ ಬಗ್ಗೆ ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಉಳಿದ ರೊಟ್ಟಿಯನ್ನು ಹಂಚಿನ ಮೇಲೆ ಕಟಕಟ ಒಣಗಿಸಿ ಇಟ್ಟರೆ ವಾರ ಕೆಡುವುದಿಲ್ಲ. ಉಳಿದ ಭಜ್ಜಿಯನ್ನು ಮರುದಿನ ಬೆಳಿಗ್ಗೆ ಕುದಿ ಬರುವವರೆಗೆ ಕಾಯಿಸಿ ಒಂದೇ ಸಲಕ್ಕೆ ಮುಗಿಸಿ. ನಮ್ಮ ಬೇಸಿಗೆಯಲ್ಲಾದರೆ ಅದನ್ನು ರಾತ್ರಿಯಿಡೀ ಹೊರಗಿಡದೆ, ಅಂದೇ ಆಳುಮಕ್ಕಳಿಗೂ ನೆರೆಯವರಿಗೂ ಬಿಸಿಯಿರುವಾಗಲೇ ಹಂಚಿಬಿಡಿ.