ನೆಗೆಟಿವ್ ಬಂದರೂ ಡಾಕ್ಟರು ಬಿಡಲಿಲ್ಲ

ಕಳೆದ ತಿಂಗಳು ನನ್ನ ತಮ್ಮನಿಗೆ ಜ್ವರ, ಗಂಟಲು ನೋವು. ಉಗುಳು ನುಂಗಲೂ ಆಗುತ್ತಿರಲಿಲ್ಲ. ನವನಗರದಲ್ಲಿ ನಮ್ಮ ಮನೆ ಹತ್ತಿರದ ಡಾಕ್ಟರು ಗಂಟಲಿನ ಸ್ವಾಬ್ ತೆಗೆದು ಸ್ಟ್ರೆಪ್ ರ‍್ಯಾಪಿಡ್ ಟೆಸ್ಟ್ ಮಾಡಿದರು. ಹತ್ತೇ ನಿಮಿಷ, ನೆಗೆಟಿವ್. ಅಮ್ಮಿ ನಿಟ್ಟುಸಿರು ಬಿಟ್ಟರು. ಡಾಕ್ಟರು ಮಾತ್ರ ಇನ್ನೊಂದು ಸ್ವಾಬ್ ಕಲ್ಚರ್‌ಗೆ ಕಳಿಸಿದರು. ಎರಡು ದಿನಕ್ಕೆ ವರದಿ ಬಂತು: ಸ್ಟ್ರೆಪ್ಟೊಕಾಕಸ್ ಇದೆ!

ಹಾಗಾದರೆ ಟೆಸ್ಟ್ ಸುಳ್ಳೇ? ಕಿಟ್ ಹುಡುಕುವುದು ಬ್ಯಾಕ್ಟೀರಿಯಾದ ಮೈಮೇಲಿನ ಆಂಟಿಜನ್ ಅನ್ನು. ಸ್ವಾಬ್‌ಗೆ ಅದು ಸಾಕಷ್ಟು ಅಂಟದಿದ್ದರೆ ಗೆರೆ ಮೂಡದು. ಕಲ್ಚರ್‌ನಲ್ಲಾದರೆ ಕೆಲವೇ ಬ್ಯಾಕ್ಟೀರಿಯಾ ಇದ್ದರೂ ಬೆಳೆದು ಕಾಣಿಸುತ್ತವೆ. ಲೆಕ್ಕ ಹಾಕಿ ನೋಡಿ. ಗಂಟಲು ನೋವಿನ 100 ಮಕ್ಕಳಲ್ಲಿ 30 ಮಂದಿಗೆ ಸ್ಟ್ರೆಪ್ ಇದೆ ಎನ್ನೋಣ. ರ‍್ಯಾಪಿಡ್ ಟೆಸ್ಟ್ ರೋಗವಿದ್ದವರಲ್ಲಿ ಸುಮಾರು ಶೇ. 85ರಷ್ಟು ಮಂದಿಯನ್ನು ಹಿಡಿಯುತ್ತದೆ. ಅಂದರೆ ನಾಲ್ಕೈದು ಮಕ್ಕಳು ತಪ್ಪಿಹೋದರು. ಉಳಿದ 70ರಲ್ಲಿ ಮೂರ್ನಾಲ್ವರಿಗೆ ಸುಳ್ಳು ಪಾಸಿಟಿವ್.

ತಪ್ಪಿಹೋದವರಲ್ಲಿ ಕೆಲವರಿಗೆ ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗಬಹುದು. ನೋವು ಶುರುವಾದ 9 ದಿನದೊಳಗೆ ಪೆನ್ಸಿಲಿನ್ ಕೊಟ್ಟರೆ ಅದನ್ನು ತಡೆಯಬಹುದು. ಆದ್ದರಿಂದ ಕಲ್ಚರ್‌ಗಾಗಿ ಎರಡು ದಿನ ಕಾದದ್ದು ನಷ್ಟವಲ್ಲ. ಹೆಚ್ಚಿನ ಗಂಟಲು ನೋವು ವೈರಸ್‌ನದು, ಅದಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ.

ತಮ್ಮನಿಗೆ 10 ದಿನದ ಗುಳಿಗೆ. ನಾಲ್ಕನೇ ದಿನಕ್ಕೇ 'ಆರಾಮಾಗೇತಿ' ಎಂದ. ಅಬ್ಬಾ ಎಣಿಸಿ ಎಣಿಸಿ ನುಂಗಿಸಿದರು.